ಮಕ್ಕಳ ಹಠ: ಮನೆಯವರೆಲ್ಲರ ಮಾತು ಒಂದೇ ಇರಲಿ

ಬೆಂಗಳೂರು

ಎಲ್‌ಕೆಜಿ, ಯುಕೆಜಿ ಮತ್ತು ಒಂದನೇ ತರಗತಿಯ ಪೋಷಕರಿಗೆ,

ನಮಸ್ಕಾರ. ದಸರಾ ರಜೆ ಮುಗಿದ ಮೇಲೆ ಮಕ್ಕಳ ಹಠ ಜಾಸ್ತಿಯಾಗಿದೆ ಎಂದು ನಿಮ್ಮಲ್ಲಿ ಹಲವರು ಬಂದು ಹೇಳಿದ್ದೀರಿ. "ಮನೇಲಿ ಒಂದೇ ರಂಪ, ಸ್ಕೂಲಲ್ಲಿ ಮಾತ್ರ ಟೀಚರ್ ಹೇಳಿದ್ದೆಲ್ಲ ಕೇಳ್ತಾನಂತೆ, ಅದು ಹೇಗೆ ಮೇಡಂ?" ಎಂದು ಕೇಳಿದವರೇ ಹೆಚ್ಚು. ಗೇಟಿನಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಗು ಎರಡೂ ಕಡೆ ಅದೇ ಮಗು. ಅತ್ತ ಮೇಲೆ ಏನಾಗುತ್ತದೆ ಎಂಬುದರಲ್ಲಿ ವ್ಯತ್ಯಾಸ. ನಮ್ಮಲ್ಲಿ ಜಾರುಬಂಡೆಗೆ ಸಾಲು ಅಂದರೆ ಸಾಲು. ಅತ್ತರೂ ಸಾಲು, ನಕ್ಕರೂ ಸಾಲು, ಯಾವ ಟೀಚರ್ ಇದ್ದರೂ ಸಾಲು. ಬೇಕಾದದ್ದು ಯಾವುದರಿಂದ ಸಿಗುತ್ತದೋ ಅದನ್ನೇ ಮತ್ತೆ ಮಾಡುತ್ತೇವೆ, ಸಿಗದಿದ್ದರೆ ಕ್ರಮೇಣ ಬಿಡುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1930ರ ದಶಕದಿಂದ ಇಲಿ, ಪಾರಿವಾಳಗಳನ್ನು ಇಟ್ಟುಕೊಂಡು ಇದನ್ನೇ ಹಂತ ಹಂತವಾಗಿ ಅಳೆದು ತೋರಿಸಿದರು.

ಶಾಲೆ ಬಿಡುವ ಹೊತ್ತಿನಲ್ಲಿ ನಾವು ಆಗಾಗ ನೋಡುವುದನ್ನು ಹೇಳುತ್ತೇನೆ. ಬಾಂಬೆ ಮಿಠಾಯಿಯವನ ಗಂಟೆ ಕೇಳುತ್ತದೆ. ಮಗು ಕೇಳುತ್ತದೆ, ಅಮ್ಮ "ಕೆಮ್ಮು ಇದೆ, ಬೇಡ" ಅನ್ನುತ್ತಾರೆ. ಬ್ಯಾಗು ನೆಲಕ್ಕೆ ಬೀಳುತ್ತದೆ. ಮಗು ಫುಟ್‌ಪಾತ್ ಮೇಲೆ ಕೂತು ಶೂ ಕಾಲು ಬಡಿಯುತ್ತದೆ. ಅಮ್ಮ ಇನ್ನೊಮ್ಮೆ ಬೇಡ ಅನ್ನುತ್ತಾರೆ, ಅಳು ಇನ್ನೂ ಮೇಲಕ್ಕೆ ಹೋಗುತ್ತದೆ. ಹಿಂದೆ ಸ್ಕೂಲ್ ವ್ಯಾನಿನ ಹಾರ್ನ್, ಸುತ್ತ ನೋಡುವ ಕಣ್ಣುಗಳು. ಕೊನೆಗೆ ಅಜ್ಜ ಜೇಬಿಗೆ ಕೈ ಹಾಕುತ್ತಾರೆ. ಅಳು ತಟ್ಟನೆ ನಿಲ್ಲುತ್ತದೆ. ಆ ಒಂದು ಕ್ಷಣದಲ್ಲಿ ಇಬ್ಬರೂ ಪಾಠ ಕಲಿತರು. ಕೇಳಿದರೆ ಸಿಗಲಿಲ್ಲ, ಸಣ್ಣಗೆ ಅತ್ತರೂ ಸಿಗಲಿಲ್ಲ, ಕಿರುಚಿದರೆ ಸಿಕ್ಕಿತು ಎಂದು ಮಗು ಕಲಿಯಿತು. ಕೊಟ್ಟರೆ ಗಲಾಟೆ ನಿಲ್ಲುತ್ತದೆ ಎಂದು ದೊಡ್ಡವರು ಕಲಿತರು. ಯಾರದೂ ತಪ್ಪು ಎಂದು ಹೇಳಲು ನನಗೆ ಮನಸ್ಸಿಲ್ಲ. ದಿನವಿಡೀ ದುಡಿದು, ಟ್ರಾಫಿಕ್ಕಿನಲ್ಲಿ ಸಿಕ್ಕಿ ಮನೆಗೆ ಬಂದವರಿಗೆ ಫೋನ್ ಕೈಗೆ ಕೊಟ್ಟು ಮಗುವನ್ನು ಸುಮ್ಮನಾಗಿಸುವುದೇ ಸುಲಭ.

ಆದರೆ ಒಂದು ಮಾತನ್ನು ದಯವಿಟ್ಟು ಗಮನವಿಟ್ಟು ಓದಿ. ಹಠಕ್ಕೆ ಕೆಲವೊಮ್ಮೆ ಕೊಡುವುದು, ಕೆಲವೊಮ್ಮೆ ಕೊಡದಿರುವುದು ಇದೆಯಲ್ಲ, ಹಠವನ್ನು ಗಟ್ಟಿ ಮಾಡುವುದು ಅದೇ. ಬಸ್ಸು ದಿನಾ ಸರಿಯಾದ ಹೊತ್ತಿಗೇ ಬರುತ್ತಿದ್ದರೆ, ಒಂದು ದಿನ ಹತ್ತು ನಿಮಿಷ ತಡವಾದರೂ ಆಟೋ ಹಿಡಿಯುತ್ತೇವೆ. ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎಂಬ ರೂಟ್ ಆದರೆ, ಈಗ ಬರಬಹುದು ಎಂದು ಒಂದು ಗಂಟೆ ನಿಂತಿರುತ್ತೇವೆ. ಅಪ್ಪ ಇಲ್ಲ ಅಂದಾಗ ಅಜ್ಜಿ ಕೊಡುವ ಮನೆಯಲ್ಲಿ ಮಗು ಹಾಗೇ ಕಾಯುತ್ತದೆ, ಅಳುತ್ತಾ.

1959ರಲ್ಲಿ ಕಾರ್ಲ್ ವಿಲಿಯಮ್ಸ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞ 21 ತಿಂಗಳ ಮಗುವಿನ ಬಗ್ಗೆ ಬರೆದಿದ್ದಾರೆ. ಮಲಗಿಸಿ ಎದ್ದರೆ ಸಾಕು, ರಚ್ಚೆ ಹಿಡಿಯುತ್ತಿತ್ತು. ಮಗುವಿಗೆ ಕಾಯಿಲೆಯಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ, ಪ್ರೀತಿಯಿಂದ ಮಲಗಿಸಿ ಹೊರಬಂದು ಮತ್ತೆ ಒಳಗೆ ಹೋಗುವುದು ಬೇಡ ಎಂದು ಮನೆಯವರು ತೀರ್ಮಾನಿಸಿದರು. ಮೊದಲ ಸಲ ಮಗು 45 ನಿಮಿಷ ಅತ್ತಿತು. ಹತ್ತನೇ ಸಲದ ಹೊತ್ತಿಗೆ ಅಳುವೇ ಇರಲಿಲ್ಲ. ಸುಮಾರು ಒಂದು ವಾರದ ಮೇಲೆ, ಚಿಕ್ಕಮ್ಮನೋ ಅತ್ತೆಯೋ, ಮನೆಯ ಒಬ್ಬ ಹಿರಿಯ ಹೆಂಗಸು ಮಲಗಿಸಿದಾಗ ಮಗು ಅತ್ತಿತು, ಅವರು ಕನಿಕರದಿಂದ ಒಳಗೆ ಹೋದರು. ಅಳು ಪೂರ್ತಿ ವಾಪಸ್ ಬಂತು. ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಯಿತು. ಕೂಡುಕುಟುಂಬದ ನಮ್ಮ ಮನೆಗಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಹಠ ಇಳಿಯುವ ಬದಲು ಏರಬಹುದು, ಅದಕ್ಕೆ ಸಿದ್ಧರಾಗಿರಿ. ಬಹಳ ಪೋಷಕರು ಸೋಲುವುದು ಇಲ್ಲೇ. ಏರಿದ ಹೊತ್ತಿನಲ್ಲೇ ಕೊಟ್ಟುಬಿಟ್ಟರೆ, ಇನ್ನು ಮುಂದೆ ಅಷ್ಟೇ ಎತ್ತರದಿಂದ ಶುರುವಾಗುತ್ತದೆ. ಹಾಗಾಗಿ, ಕೊನೆಗೆ ಕೊಡಲೇಬೇಕು ಅನ್ನಿಸುವ ವಸ್ತುವಾದರೆ ಮಗು ನೆಟ್ಟಗೆ ಕೇಳಿದಾಗಲೇ ಕೊಡಿ.

ಕೊಡದಿರುವುದು ಬೇರೆ, ಮಗುವನ್ನು ಕೈಬಿಡುವುದು ಬೇರೆ. ಪಕ್ಕದಲ್ಲೇ ಕೂತಿರಿ. "ಬೇಜಾರಾಗಿದೆ ಅಂತ ಗೊತ್ತು ಪುಟ್ಟ, ಆದರೆ ಇವತ್ತು ಇಲ್ಲ" ಎಂದು ಒಮ್ಮೆ ಹೇಳಿ ಸುಮ್ಮನಿರಿ. ಹಸಿವು, ನಿದ್ದೆ, ಜ್ವರ, ಹೆದರಿಕೆಯಿಂದ ಬರುವ ಅಳು ಹಠವಲ್ಲ, ಅದಕ್ಕೆ ಕೂಡಲೇ ಸ್ಪಂದಿಸಿ. ಹೊಡೆಯುವ, ಕಚ್ಚುವ ಮಗುವಿನ ಕೈ ಹಿಡಿದು ತಡೆಯಲೇಬೇಕು. ಗುಮ್ಮ, ಪೊಲೀಸ್ ಎಂಬ ಹೆದರಿಕೆ ಬೇಡ. ಏಟಂತೂ ಬೇಡವೇ ಬೇಡ; ಶಾಲೆಯಲ್ಲಿ ಅದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ, ಮನೆಯಲ್ಲೂ ಅದೇ ನಿಯಮ ಇರಲಿ ಎಂಬುದು ನನ್ನ ಕಳಕಳಿಯ ಕೋರಿಕೆ.

ಇನ್ನು ಹೇಳಿದ ಮಾತು ಕೇಳುವ ಅಭ್ಯಾಸ. ಮಗು ಸುಮ್ಮನೆ ಆಡುತ್ತಿದ್ದಾಗ ನಾವು ಅತ್ತ ತಿರುಗಿಯೂ ನೋಡುವುದಿಲ್ಲ, ಚೀರಿದಾಗ ಇಡೀ ಮನೆ ಓಡಿ ಬರುತ್ತದೆ. ಇದನ್ನು ತಿರುಗುಮುರುಗು ಮಾಡಿ. "ಜಾಣ" ಎಂದಷ್ಟೇ ಹೇಳಿದರೆ ಸಾಲದು, "ಕರೆದ ತಕ್ಷಣ ಟಿವಿ ಆಫ್ ಮಾಡಿ ಬಂದೆಯಲ್ಲ, ನನಗೆ ಖುಷಿಯಾಯ್ತು" ಎಂದು ಮಾಡಿದ್ದನ್ನೇ ಹೆಸರಿಸಿ, ಆಗಲೇ ಹೇಳಿ. "ಹೋಮ್‌ವರ್ಕ್ ಮಾಡದಿದ್ದರೆ ಸೈಕಲ್ ಇಲ್ಲ" ಅನ್ನುವ ಬದಲು "ಹೋಮ್‌ವರ್ಕ್ ಆದ ತಕ್ಷಣ ಸೈಕಲ್" ಅನ್ನಿ. ಆದರೆ ಎಲ್ಲದಕ್ಕೂ ಚಾಕೊಲೇಟ್ ಆಸೆ ತೋರಿಸಬೇಡಿ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು, ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ ಮೊದಲೇ ಬಹುಮಾನದ ಮಾತು ಕೊಟ್ಟರು. ಆ ಮಕ್ಕಳು ಆಮೇಲೆ ತಾವಾಗಿ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದರು.

ಹಠದಲ್ಲಿ ಮಗು ತನಗೇ ಗಾಯ ಮಾಡಿಕೊಳ್ಳುತ್ತಿದ್ದರೆ, ಮಾತು ತಡವಾಗಿದ್ದರೆ ಈ ಪತ್ರ ಸಾಲದು. ಮಕ್ಕಳ ವೈದ್ಯರಿಗೆ ತೋರಿಸಿ. ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಮನೋವೈದ್ಯಕೀಯ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಬರುವ ಪೋಷಕರ ಸಭೆಗೆ ಅಜ್ಜ ಅಜ್ಜಿಯರನ್ನೂ ಕರೆತನ್ನಿ. ಮಗುವನ್ನು ನೋಡಿಕೊಳ್ಳುವವರು ಬೇರೆ ಇದ್ದರೆ ಅವರೂ ಬರಲಿ. ಅದಕ್ಕೆ ಮುಂಚೆ ಒಂದು ವಾರ, ಪ್ರತಿ ಹಠದ ಹಿಂದೆ ಏನಾಗಿತ್ತು, ಆಮೇಲೆ ಮಗುವಿಗೆ ಏನು ಸಿಕ್ಕಿತು ಎಂಬುದನ್ನು ಡೈರಿಯ ಕೊನೆಯ ಪುಟದಲ್ಲಿ ಎರಡೆರಡು ಸಾಲು ಬರೆದಿಡಿ. ಅದನ್ನು ಮುಂದಿಟ್ಟುಕೊಂಡು ನಿಮ್ಮ ಮಗುವಿನ ತರಗತಿ ಶಿಕ್ಷಕಿಯೂ ನಾನೂ ನಿಮ್ಮ ಜೊತೆ ಕೂತು ಮಾತಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ