ಲಾಭ, ಎರಡು, ಮೂರು...

ನಮ್ಮ ಆಲ್ಬಂ ಕೊನೆಗೂ ಹೊರಬಂತು. ಏಳು ಹಾಡಿಗೆ ಎರಡೂವರೆ ವರ್ಷ! ಅದರಲ್ಲಿ ಎರಡು ಮಳೆಗಾಲ ಸುಮ್ನೆ ಹೋದವು. ಹೆಂಚಿನ ಮನೆಯಲ್ಲಿ ಮೈಕ್ ಇಟ್ಟರೆ ಮಳೆಯದೇ ಹಾಡು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಇದು ಕಾಗೋಡು ಸತ್ಯಾಗ್ರಹದ ಕತೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಜಮೀನಿನ ಒಡೆಯರಿಗೆ ಎದುರು ನಿಂತರು. ಜಗಳ ಹೊತ್ತಿದ್ದು ಕೊಳಗದಿಂದ. ಗೇಣಿ ಭತ್ತ ಅಳೆಯುವ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದಿತ್ತು. ಎಚ್. ಗಣಪತಿಯಪ್ಪನವರು ರೈತರನ್ನು ಒಟ್ಟು ಮಾಡಿದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು. ಲೋಹಿಯಾ ಮೇಲೊಂದು ಹಾಡಿರಲಿ ಎಂದು ಸುಮಾರು ಜನ ಹೇಳಿದರು. ನನ್ನ ಕಣ್ಣು ಮಾತ್ರ ಕೊಳಗದ ಮೇಲೇ ಇತ್ತು.

ಹಾಗಾಗಿ ಮೊದಲ ಥ್ಯಾಂಕ್ಸ್ ಆ ಕಡೆಯ ಒಬ್ಬರು ಅಜ್ಜಿಗೆ. ಹೆಸರು ಹಾಕಬೇಡ ಎಂದಿದ್ದಾರೆ. ಅವರ ಜಗಲಿಯಲ್ಲಿ ಕೂತು "ಒಂದೇ ಕೊಳಗ, ಎರಡೇ ಕೊಳಗ" ಎಂದು ಹಾಡಿ ತೋರಿಸಿದೆ. ಅಜ್ಜಿ ಕವಳ ಉಗಿದು ಬಂದು ನಕ್ಕರು. "ತಮಾ, ಭತ್ತ ಅಳೆಯೋವಾಗ ಯಾರಾದ್ರೂ ಒಂದು ಅಂತಾರಾ? ಲಾಭ ಅನ್ಬೇಕು. ಲಾಭ, ಎರಡು, ಮೂರು."

ನಮ್ಮಮ್ಮನೂ ಅಕ್ಕಿ ಅಳೆಯುವಾಗ ಹಾಗೇ ಎಣಿಸುತ್ತಿದ್ದಳು. ಬರೆಯಲು ಕೂತಾಗ ನೆನಪಾಗಲಿಲ್ಲ ನೋಡಿ! ಗೇಣಿ ಭತ್ತಕ್ಕೂ ಲಾಭ ಎಂದೇ ಎಣಿಕೆ. ಯಾರ ಲಾಭ? ಹಾಡು ಕೇಳಬೇಕಾಗಿದ್ದೂ ಅದನ್ನೇ ಅಲ್ವಾ? ಅವತ್ತು ರಾತ್ರಿಯೇ ಪಲ್ಲವಿ ಬದಲಾಯಿತು. ಅಜ್ಜಿ ಅಟ್ಟದಿಂದ ಹಳೇ ಕೊಳಗವನ್ನೂ ಇಳಿಸಿ ಕೊಟ್ಟರು. ಮೂರು ಹಾಡಲ್ಲಿ ಡೊಳ್ಳಿನ ಹಿಂದೆ ಟೊಣ್ ಟೊಣ್ ಎನ್ನುವುದು ಅದೇ.

ಹಾರ್ಡ್ ಡಿಸ್ಕ್ ಕೈಕೊಟ್ಟು ನಾಲ್ಕು ಹಾಡು ಹೋದಾಗ ನಾನು ಕೈಚೆಲ್ಲಿದ್ದೆ. ಡೊಳ್ಳಿನ ಹುಡುಗರು ಒಂದು ಪೈಸೆ ಕೇಳದೆ ಮತ್ತೆ ಶಿವಮೊಗ್ಗಕ್ಕೆ ಬಂದು ಬಾರಿಸಿದರು. ಅಡಿಕೆ ಕೊಯ್ಲಿನ ಸಮಯ ಬೇರೆ. ಒಂದು ದಿನದ ಕೂಲಿ ಎಷ್ಟು ಅಂತ ನನಗೂ ಗೊತ್ತು ಮಾರಾಯ್ರೇ.

ಇನ್ನು ನೂರು, ಇನ್ನೂರು ಕಳಿಸಿದ ನೀವೆಲ್ಲ. ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಬಂದರೆ ಮನೆಮನೆಯಲ್ಲೂ ಎಣ್ಣೆ ಎರೆಯುತ್ತಾರಲ್ಲ, ನೀವು ಮಾಡಿದ್ದೂ ಹಾಗೇ. ಸ್ಟುಡಿಯೋ ಬಾಡಿಗೆ ಪೂರ್ತಿ ತೀರಿತು.

ಅಜ್ಜೀ, ಭಾನುವಾರ ಬರುತ್ತೇನೆ, ಕೊಳಗ ವಾಪಸ್ ಕೊಡುವುದಕ್ಕೆ. ಅಂಚು ಒಂದು ಕಡೆ ಸ್ವಲ್ಪ ನೆಗ್ಗಿದೆ. ಬೈಯಬೇಡಿ.