300ರ ಪ್ಲಾನ್, 100ರ ಲ್ಯಾನ್ ಕಾರ್ಡ್

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಮಡಿಕೆಯೊಳಗೆ ಸೇರಿಕೊಂಡು ಬರುವ ಕರಪತ್ರಗಳಲ್ಲಿ ಈಚೆಗೆ ಸೀರೆ ಮಾರಾಟದವಕ್ಕಿಂತ ಇಂಟರ್ನೆಟ್ ಪ್ಲಾನಿನವೇ ಜಾಸ್ತಿ. ಅವುಗಳಲ್ಲಿ ಕೆಲವನ್ನು ಡಿಸೈನ್ ಮಾಡಿದವಳು ನಾನೇ. ಗದಗ-ಬೆಟಗೇರಿಯಲ್ಲಿ ಮನೆಯಲ್ಲೇ ಕೂತು ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಬ್ಯಾನರು, ವರ್ಷದ ಕೊನೆಗೆ ಕ್ಯಾಲೆಂಡರು. ಹಾಗಾಗಿ ಆ ಕರಪತ್ರಗಳ ಮರ್ಮ ನನಗೆ ಗೊತ್ತು. ‘300 ಎಂಬಿಪಿಎಸ್’ (ಸೆಕೆಂಡಿಗೆ 300 ಮೆಗಾಬಿಟ್ ವೇಗ) ಎಂಬುದು ಅಂಗೈಯಷ್ಟು ದೊಡ್ಡದಾಗಿರಬೇಕು, ನಕ್ಷತ್ರದ ಗುರುತಿನ ಷರತ್ತುಗಳು ಕನ್ನಡಕ ಹಾಕಿದರೂ ಕಾಣದ ಹಾಗಿರಬೇಕು. ಆ ಸಣ್ಣ ಅಕ್ಷರಗಳಲ್ಲೂ ಬರೆಯದೆ ಬಿಡುವ ಒಂದು ಸಂಗತಿಯಿದೆ. ಕಂಪ್ಯೂಟರಿನ ಲ್ಯಾನ್ ಕಾರ್ಡ್ (ನೆಟ್ ವೈರ್ ಸಿಕ್ಕಿಸುವ ಭಾಗ), ವೈರ್, ಮೋಡೆಮ್ಮಿನ ಪೋರ್ಟ್ ಇವುಗಳಲ್ಲಿ ಒಂದು ಹಿಂದೆ ಬಿದ್ದರೂ ಪ್ಲಾನಿನ ವೇಗ ಕೈಗೆ ಬರುವುದಿಲ್ಲ. ಈ ಪತ್ರ ಅದರ ಬಗ್ಗೆ.

ನನ್ನ ಹೊಟ್ಟೆಪಾಡಿಗೆ ವೇಗದ ನೆಟ್ ಬೇಕೇ ಬೇಕು. ಪುಟ ಕಟ್ಟಿದ ಫೈಲುಗಳು ಅಚ್ಚಿನ ಪ್ಲೇಟ್ ಮಾಡುವವರಿಗೆ ಹುಬ್ಬಳ್ಳಿಗೆ ಹೋಗಬೇಕು. ಮದುವೆ ಸುಗ್ಗಿಯಲ್ಲಿ ಫೋಟೊಗ್ರಾಫರುಗಳು ರಾತ್ರಿ ಹನ್ನೊಂದಕ್ಕೆ ದೊಡ್ಡ ದೊಡ್ಡ ಫೋಟೊಗಳನ್ನು ಕಳಿಸಿ ‘ಬೆಳಿಗ್ಗೆ ಪ್ರೂಫ್ ಕೊಡ್ರಿ’ ಎನ್ನುತ್ತಾರೆ. ಅದಕ್ಕೆಂದೇ 60ರ ಪ್ಲಾನ್ ಬಿಟ್ಟು 300ರದ್ದು ಹಾಕಿಸಿಕೊಂಡೆ. ಅಪ್‌ಲೋಡೂ 300 ಎಂದಿದ್ದರು. ತಿಂಗಳ ಬಿಲ್ಲೇನೋ ಅಂದಿನಿಂದಲೇ ಏರಿತು. ಕಂಪ್ಯೂಟರಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಮಾತ್ರ 94. ನಸುಕಿನಲ್ಲಿ ನೋಡಿದರೂ 94, ಊರೆಲ್ಲ ಸೀರಿಯಲ್ ನೋಡುವ ಹೊತ್ತಿನಲ್ಲೂ 94.

ದೂರು ಕೊಟ್ಟ ಮೇಲೆ ಹುಡುಗನೊಬ್ಬ ಬಂದ. ತನ್ನ ಮೊಬೈಲನ್ನು ಮೋಡೆಮ್ಮಿನ ಪಕ್ಕ ಹಿಡಿದು ವೈಫೈನಲ್ಲಿ 280 ತೋರಿಸಿದ. ‘ಅಕ್ಕಾರ, ಲೈನ್ ಎಲ್ಲಾ ಕರೆಕ್ಟ್ ಐತ್ರಿ. ನಿಮ್ಮ ಕಂಪ್ಯೂಟರ್ ಭಾಳ ಹಳೇದಾತು, ಬ್ಯಾರೇದ ತಗೋರಿ’ ಅಂದ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಇಷ್ಟು ಮನೆ ಮುಗಿಸಬೇಕೆಂದು ಅವನಿಗೆ ಮೇಲಿನವರ ಒತ್ತಡ. ಆದರೆ ಅವನ ಮಾತು ಕೇಳಿದ್ದರೆ ನಲವತ್ತು-ಐವತ್ತು ಸಾವಿರ ಕೈಬಿಡುತ್ತಿತ್ತು, ನೆಟ್ ಆಗಲೂ 94ರಲ್ಲೇ ನಿಂತಿರುತ್ತಿತ್ತು.

ಯಾಕೆಂದರೆ ಆ 94 ಎಂಬ ಅಂಕಿಯೇ ಎಲ್ಲವನ್ನೂ ಹೇಳುತ್ತದೆ. ಲೈನಿನಲ್ಲಿ ಗದ್ದಲವಿದ್ದರೆ ವೇಗ ಹತ್ತಿ ಇಳಿಯುತ್ತದೆ. ಹೊತ್ತು ಯಾವುದಾದರೂ 94ರ ಆಸುಪಾಸಿನಲ್ಲೇ ಕೂತಿದೆ ಎಂದರೆ ದಾರಿಯಲ್ಲೆಲ್ಲೋ 100 ಮೆಗಾಬಿಟ್‌ನ ಬಾಗಿಲಿದೆ ಎಂದೇ ಅರ್ಥ. ಪೂರಾ 100 ಯಾಕೆ ಬರುವುದಿಲ್ಲವೆಂದರೆ, ಡೇಟಾದ ಪ್ರತಿ ಕಂತಿಗೂ ವಿಳಾಸ, ಲೆಕ್ಕ, ನಡುವಿನ ಬಿಡುವು ಎಂದು ಸ್ವಲ್ಪ ಜಾಗ ಹೋಗುತ್ತದೆ. ತಂತಿಯ ಮೇಲೆ 1538 ಬೈಟ್ ಓಡಿದರೆ ಅದರಲ್ಲಿ ನಮ್ಮ ಫೈಲಿನದು ಹೆಚ್ಚೆಂದರೆ 1460. ಇದನ್ನು ಕಾಣಲು ಎಂಜಿನಿಯರ್ ಆಗಬೇಕಿಲ್ಲ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್‌ಗೆ ಹೋಗಿ ಈಥರ್ನೆಟ್ ಒತ್ತಿದರೆ ‘ಲಿಂಕ್ ಸ್ಪೀಡ್’ ಎಂದು ಒಂದು ಸಾಲಿರುತ್ತದೆ. ಅಲ್ಲಿ 100/100 ಎಂದಿದ್ದರೆ ನೀವು 300ರ ಪ್ಲಾನ್ ಹಾಕಿಸಿ, 500ರದ್ದು ಹಾಕಿಸಿ, ಆ ಕಂಪ್ಯೂಟರಿಗೆ ಬರುವುದು ಅಷ್ಟೇ.

ನಮ್ಮಪ್ಪ ಅಚ್ಚುಮೊಳೆ ಜೋಡಿಸುವ ಕಂಪೋಸಿಟರ್ ಆಗಿದ್ದವರು. ಮಷಿನ್ ಬಿಚ್ಚುವುದನ್ನು ನೋಡುತ್ತ ಬೆಳೆದ ನನಗೆ ಸ್ಕ್ರೂಡ್ರೈವರ್ ಹಿಡಿಯಲು ಅಂಜಿಕೆಯಿಲ್ಲ. 2011ರಲ್ಲಿ ಕೊಂಡ ನನ್ನ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಇದ್ದದ್ದು 10/100ರ ಲ್ಯಾನ್. ತಂತಿಯಲ್ಲಿ 1000 ಮೆಗಾಬಿಟ್ ಓಡಿಸುವ ಗಿಗಾಬಿಟ್ ಮಾನಕ 1999ರಲ್ಲೇ ಬಂದಿದ್ದರೂ ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಎಷ್ಟೋ ವರ್ಷ ಹಳೆಯದನ್ನೇ ಕೂರಿಸುತ್ತಿದ್ದರು. ಆಗ ಮನೆಗೆ ಬರುತ್ತಿದ್ದ ನೆಟ್ಟೂ ಅಷ್ಟಕ್ಕಷ್ಟೇ ಇತ್ತಲ್ಲ, ಯಾರಿಗೂ ಕೊರತೆ ಕಾಣಲಿಲ್ಲ. ಬೋರ್ಡಿನ ಮೇಲೆ ಹೆಚ್ಚುವರಿ ಕಾರ್ಡ್ ಕೂರಿಸುವ ಪಿಸಿಐ ಎಕ್ಸ್‌ಪ್ರೆಸ್ಸಿನ ಗಿಡ್ಡ ಸ್ಲಾಟೊಂದು ಖಾಲಿ ಇತ್ತು. ಅದಕ್ಕೆ ಕೂರುವ ಗಿಗಾಬಿಟ್ ಲ್ಯಾನ್ ಕಾರ್ಡ್ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಹುಬ್ಬಳ್ಳಿಯಲ್ಲೂ ಸಿಗುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಂತೂ ಕೇಳಿದಷ್ಟು. ಕೊಳ್ಳುವವರಿಗೆ ಒಂದು ಎಚ್ಚರಿಕೆ: ನಿಮ್ಮದು ತೆಳ್ಳನೆಯ ಕ್ಯಾಬಿನೆಟ್ ಆಗಿದ್ದರೆ ಕಾರ್ಡಿನ ಜೊತೆ ಅದನ್ನು ಕ್ಯಾಬಿನೆಟ್ಟಿಗೆ ಬಿಗಿಯುವ ಗಿಡ್ಡ ಲೋಹದ ಪಟ್ಟಿಯೂ ಇದೆಯೇ ಎಂದು ಡಬ್ಬಿ ತೆರೆಸಿ ನೋಡಿ. ಉದ್ದದ ಪಟ್ಟಿ ಅಲ್ಲಿ ಹಿಡಿಸುವುದಿಲ್ಲ. ಲ್ಯಾಪ್‌ಟಾಪ್ ಇರುವವರಿಗೆ ಯುಎಸ್‌ಬಿಗೆ ಸಿಕ್ಕಿಸುವ ಗಿಗಾಬಿಟ್ ಅಡಾಪ್ಟರ್ ಇದೆ. ಅದನ್ನು ಯುಎಸ್‌ಬಿ 3ರ ಪೋರ್ಟಿಗೇ ಹಾಕಬೇಕು, ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಅದರ ಒಳಗಿನ ಪಟ್ಟಿ ನೀಲಿ ಇರುತ್ತದೆ. ಯುಎಸ್‌ಬಿ 2ರ ಮಿತಿ ಕಾಗದದ ಮೇಲೇ 480 ಮೆಗಾಬಿಟ್, ಕೈಗೆ ಬರುವುದು ಇನ್ನೂ ಕಡಿಮೆ.

ಕಾರ್ಡ್ ಹಾಕಿದ ಮೇಲೂ ಲಿಂಕ್ ಸ್ಪೀಡ್ 100 ಎಂದೇ ಇತ್ತು. ಈಗ ವೈರ್ ಸರದಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಓಣಿಯಲ್ಲಿ ನಾನು ನೋಡಿದ ಬಹಳಷ್ಟು ಮನೆಗಳಲ್ಲಿ ಇದೇ ಕಥೆ. ಲ್ಯಾನ್ ವೈರಿನೊಳಗೆ ಎಂಟು ಎಳೆ, ಅಂದರೆ ನಾಲ್ಕು ಜೋಡಿ ಇರುತ್ತವೆ. 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು: 1, 2, 3 ಮತ್ತು 6ನೇ ಪಿನ್. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಅವಸರದಲ್ಲಿ ಕ್ರಿಂಪ್ ಮಾಡುವವರು (ವೈರಿನ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವವರು) ನಾಲ್ಕೇ ಎಳೆ ಕೂರಿಸಿ ಉಳಿದ ನಾಲ್ಕನ್ನು ಕತ್ತರಿಸಿ ಬಿಡುತ್ತಾರೆ. ಕೆಲವರಂತೂ ಉಳಿದ ಎರಡು ಜೋಡಿಯಲ್ಲಿ ಇನ್ನೊಂದು ಲೈನ್ ಎಳೆದು ವೈರ್ ಉಳಿಸುತ್ತಾರೆ. ಎಂಟೂ ಎಳೆ ಇದ್ದು ಅದರಲ್ಲಿ ಒಂದು ಕನೆಕ್ಟರಿನೊಳಗೆ ತುಂಡಾಗಿದ್ದರೂ ಅಷ್ಟೇ, ಹೆಚ್ಚಿನ ಕಾರ್ಡುಗಳು ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ನಡೆಸುತ್ತವೆ. ನೆಟ್ ನಿಲ್ಲುವುದಿಲ್ಲವಾದ್ದರಿಂದ ತಪ್ಪೂ ಕಣ್ಣಿಗೆ ಬೀಳುವುದಿಲ್ಲ. ಕನೆಕ್ಟರ್ ಪಾರದರ್ಶಕ. ಬೆಳಕಿಗೆ ಹಿಡಿದು ಎಣಿಸಿದರೆ ಸಾಕು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡು ತುದಿಯಲ್ಲೂ ಇದೇ ಕ್ರಮ ಇರಬೇಕು. ನಾಲ್ಕು ಬಣ್ಣ ಹೊಂದಿಸಿ ಮುದ್ರಿಸುವ ಊರಿನವಳಾಗಿ ಹೇಳುತ್ತೇನೆ, ಎಂಟು ಬಣ್ಣ ಹೊಂದಿಸುವುದು ಅಂಥ ಕಷ್ಟದ ಕೆಲಸವೇನಲ್ಲ.

ವೈರ್ ಕೊಳ್ಳುವಾಗಲೂ ಮೋಸವಿದೆ. ಅಗ್ಗದ ವೈರಿನಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬಿಟ್ಟುಬಿಡಿ. ಕ್ಯಾಟ್ 5ಇ ಎಂಬ ದರ್ಜೆಯ ಲ್ಯಾನ್ ವೈರಿನ ಮಾನಕಕ್ಕೆ ತಾಮ್ರವೇ ಬೇಕು. ಈ ಲೇಪದ ಎಳೆ ಮಡಚಿದರೆ ಬೇಗ ಮುರಿಯುತ್ತದೆ. ಅಸಲಿ ತಾಮ್ರದ ಕ್ಯಾಟ್ 5ಇ ಇದ್ದರೆ ಗಿಗಾಬಿಟ್ 100 ಮೀಟರ್ ದೂರ ಹೋಗುತ್ತದೆ. ಅದಕ್ಕಿಂತ ಉದ್ದದ ಮನೆ ಗದಗಿನಲ್ಲಿ ನಾನಂತೂ ಕಂಡಿಲ್ಲ. ಕ್ಯಾಟ್ 6, ಕ್ಯಾಟ್ 7, ಕ್ಯಾಟ್ 8 ಎಂದು ಅಂಗಡಿಯವರು ಏರಿಸುತ್ತ ಹೋಗುತ್ತಾರೆ. ಮನೆಯ ಗಿಗಾಬಿಟ್‌ಗೆ ಅವು ಬೇಕಿಲ್ಲ, ಅದು ಅಕ್ಕಿಗೆ ಪಾಲಿಶ್ ಜಾಸ್ತಿಯಾದಷ್ಟೂ ಬೆಲೆ ಏರಿಸಿದ ಹಾಗೆ.

ವೈರ್ ಬದಲಾದ ಮೇಲೂ 100! ಕೊನೆಗೆ ಮೋಡೆಮ್ಮನ್ನೇ ಮಗುಚಿ ಸ್ಟಿಕ್ಕರ್ ಓದಿದೆ. ಅದರ ಎರಡು ಲ್ಯಾನ್ ಪೋರ್ಟುಗಳಲ್ಲಿ ಒಂದರದ್ದು ‘ಜಿಇ’, ಅಂದರೆ ಗಿಗಾಬಿಟ್. ಇನ್ನೊಂದು ‘ಎಫ್ಇ’, ಅಂದರೆ 100. ಹಾಕಿಕೊಡಲು ಬಂದವರು ಗಿಗಾಬಿಟ್‌ನದ್ದನ್ನು ಟಿ.ವಿ. ಪೆಟ್ಟಿಗೆಗೆ ಕೊಟ್ಟು ನನ್ನ ಕಂಪ್ಯೂಟರಿನ ವೈರನ್ನು ಇನ್ನೊಂದಕ್ಕೆ ಸಿಕ್ಕಿಸಿ ಹೋಗಿದ್ದರು. ಟಿ.ವಿ. ಪೆಟ್ಟಿಗೆಗೆ ಸಿನಿಮಾ ತೋರಿಸಲು 25 ಮೆಗಾಬಿಟ್ ಇದ್ದರೆ ಧಾರಾಳ. ಎರಡು ವೈರ್ ಅದಲುಬದಲು ಮಾಡಿದ ಕೂಡಲೇ ಲಿಂಕ್ ಸ್ಪೀಡ್ 1000 ಆಯಿತು, ಟೆಸ್ಟಿನಲ್ಲಿ 290ರ ಹತ್ತಿರ ಬಂತು. 1.2 ಜಿಬಿಯ ಕ್ಯಾಲೆಂಡರ್ ಫೈಲ್ 94ರಲ್ಲಿ ಹೋಗಲು ಒಂದೂಮುಕ್ಕಾಲು ನಿಮಿಷದ ಹತ್ತಿರ ಬೇಕು, 290ರಲ್ಲಿ ಅರ್ಧ ನಿಮಿಷ ದಾಟಿದರೆ ಹೆಚ್ಚು. ಒಂದು ಫೈಲಿಗೆ ಇದು ದೊಡ್ಡದಲ್ಲ. ಹನ್ನೆರಡು ತಿಂಗಳ ಹಾಳೆಗಳನ್ನು ತಿದ್ದಿ ತಿದ್ದಿ ಕಳಿಸುವ ದಿನ ದೊಡ್ಡದೇ.

ವೈಫೈ ಡಾಂಗಲ್ ಹಾಕಿಕೊಂಡರೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ‘300’ ಎಂದು ಡಬ್ಬಿಯ ಮೇಲೆ ಬರೆದ ಅಗ್ಗದ ಡಾಂಗಲ್‌ಗಳು 2.4 ಗಿಗಾಹರ್ಟ್ಸ್‌ನವು. ಆ ತರಂಗಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ಅಕ್ಕಪಕ್ಕದ ಮನೆಗಳವರೆಲ್ಲ ಅದರಲ್ಲೇ ನುಗ್ಗಾಡುವಾಗ ಬರೆದಿದ್ದರ ಅರ್ಧವೂ ಬರುವುದಿಲ್ಲ. 5 ಗಿಗಾಹರ್ಟ್ಸ್‌ನದು ವೇಗವಾಗಿರುವುದು ನಿಜ. 2018ರಲ್ಲಿ ಕೇಂದ್ರ ಸರ್ಕಾರ ಅದರ ಇನ್ನಷ್ಟು ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟಿದೆ ಕೂಡ. ಆದರೆ ಬೆಟಗೇರಿಯ ನಮ್ಮದು ಹಿಂದೆ ಮಗ್ಗ ಹಾಕಿದ್ದ ಮನೆ, ಗೋಡೆ ಮೊಳದಷ್ಟು ದಪ್ಪ. ಎರಡು ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸೋತಿರುತ್ತದೆ. ಕೂತ ಜಾಗ ಬಿಟ್ಟು ಏಳದ ಕಂಪ್ಯೂಟರಿಗೆ ವೈರೇ ಲೇಸು.

ಇಷ್ಟನ್ನು ನನ್ನ ಬುದ್ಧಿವಂತಿಕೆ ತೋರಿಸಲು ಬರೆದದ್ದಲ್ಲ. ಸರ್ಕಾರಿ ವ್ಯಾಖ್ಯೆಯ ಪ್ರಕಾರ ‘ಬ್ರಾಡ್‌ಬ್ಯಾಂಡ್’ ಎನಿಸಿಕೊಳ್ಳಲು 2014ರಲ್ಲಿ 512 ಕೆಬಿಪಿಎಸ್ (ಸುಮಾರು ಅರ್ಧ ಎಂಬಿಪಿಎಸ್) ಇದ್ದರೆ ಸಾಕಿತ್ತು, 2023ರ ಜನವರಿಯಲ್ಲಿ ಅದನ್ನು 2 ಎಂಬಿಪಿಎಸ್‌ಗೆ ಏರಿಸಿದರು. ಮಾರಾಟವಾಗುತ್ತಿರುವುದು ಅದರ ನೂರು ಪಟ್ಟು. ಹಣ ನೂರು ಪಟ್ಟಿನ ವೇಗಕ್ಕೆ ಕೊಡುತ್ತೇವೆ, ಆ ವೇಗ ನಮ್ಮ ಮನೆಯ ಮೋಡೆಮ್ಮಿನಿಂದ ಹೊರಗೆ ಬರುತ್ತದೋ ಇಲ್ಲವೋ ಎಂಬುದನ್ನು ನಾನು ಸಹಿ ಹಾಕಿದ ಯಾವ ಅರ್ಜಿಯೂ ಹೇಳಲಿಲ್ಲ. ಫ್ರಿಜ್ಜಿನ ಮೇಲೆ ನಕ್ಷತ್ರದ ಚೀಟಿ ಅಂಟಿಸದೆ ಮಾರುವಂತಿಲ್ಲ. ಮೋಡೆಮ್ಮಿಗೂ ಅಂಥದೊಂದು ಚೀಟಿ ಕಡ್ಡಾಯವಾಗಲಿ: ಯಾವ ಪೋರ್ಟು ಎಷ್ಟು ವೇಗದ್ದು, ವೈಫೈ 2.4 ಮಾತ್ರವೋ 5 ಕೂಡ ಉಂಟೋ, ಕನ್ನಡದಲ್ಲಿ, ಓದಲು ಬರುವ ಅಕ್ಷರದಲ್ಲಿ. 100ಕ್ಕಿಂತ ಮೇಲಿನ ಪ್ಲಾನ್ ಮಾರುವಾಗ ‘ನಿಮ್ಮ ಕಂಪ್ಯೂಟರಿನ ಲ್ಯಾನ್ ಗಿಗಾಬಿಟ್ ಇರಬೇಕು’ ಎಂಬ ಸಾಲು ಕರಪತ್ರದಲ್ಲೇ ಇರಲಿ. ಜಾಗವಿಲ್ಲ ಎನ್ನುವವರಿಗೆ ನಾನು ಜಾಗ ಮಾಡಿಕೊಡುತ್ತೇನೆ, ಅದೇ ನನ್ನ ಕಸುಬು. ಹಾಕಿಕೊಡಲು ಬಂದವರು ಮೊಬೈಲಿನಲ್ಲಿ ಅಲ್ಲ, ಮನೆಯವರ ಕಂಪ್ಯೂಟರಿನಲ್ಲಿ, ವೈರ್ ಹಾಕಿ, ಅಳೆದು ತೋರಿಸಿಯೇ ಸಹಿ ತೆಗೆದುಕೊಳ್ಳುವಂತೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ನಿಯಮ ಮಾಡಬೇಕು. ವೇಗ ಬರದಿದ್ದರೆ ಯಾವ ಕಡೆ ತಡೆಯಿದೆ ಎಂಬುದನ್ನು ಬರೆದುಕೊಡಬೇಕು.

ಕಂಪನಿಯವರ ಕಡೆಯ ಮಾತನ್ನೂ ಹೇಳಬೇಕು. ಎಲ್ಲ ನಿಧಾನಕ್ಕೂ ಲ್ಯಾನ್ ಕಾರ್ಡ್ ಮದ್ದಲ್ಲ. ಮನೆಗೆ ಬರುವ ಸಾಮಾನ್ಯ ಜಿಪಾನ್ ಫೈಬರಿನಲ್ಲಿ (ಒಂದೇ ಎಳೆಯನ್ನು ಹಲವು ಮನೆಗೆ ಕವಲೊಡೆಸುವ ಪದ್ಧತಿ) ಡೌನ್‌ಲೋಡಿಗೆ ಸುಮಾರು 2.5 ಗಿಗಾಬಿಟ್, ಅಪ್‌ಲೋಡಿಗೆ 1.25 ಗಿಗಾಬಿಟ್, ಅದನ್ನು 32 ಅಥವಾ 64 ಮನೆಗಳು ಹಂಚಿಕೊಂಡಿರುತ್ತವೆ. ಸಂಜೆಗೆ ಮಾತ್ರ ವೇಗ ಕುಸಿಯುತ್ತಿದ್ದರೆ ಅದು ಹೊರಗಿನ ಕಾಯಿಲೆ, ಕಂಪನಿಯನ್ನೇ ಕೇಳಬೇಕು. ಇನ್ನು 40ರದೋ 100ರದೋ ಪ್ಲಾನ್ ಇರುವವರು ಒಂದು ರೂಪಾಯಿಯೂ ಖರ್ಚು ಮಾಡುವುದು ಬೇಡ. ಈಗ 2.5 ಗಿಗಾಬಿಟ್‌ನ ಕಾರ್ಡುಗಳೂ ಬಂದಿವೆ, ಕ್ಯಾಟ್ 5ಇ ವೈರಿನ ಮೇಲೇ ಓಡುತ್ತವೆ. ಆದರೆ ಮೋಡೆಮ್ಮಿನ ಪೋರ್ಟೇ ಒಂದು ಗಿಗಾಬಿಟ್ ಇರುವಾಗ ಅದು ಅಂಗಡಿಯವನಿಗೆ ಲಾಭವೇ ಹೊರತು ನಮಗಲ್ಲ.

ಮನೆ ಕಟ್ಟಿಸುತ್ತಿರುವವರಿಗೆ, ಅದರಲ್ಲೂ ಪ್ಲಾಸ್ಟರ್ ಆಗದೆ ಇರುವವರಿಗೆ, ಒಂದು ವಿನಂತಿ. ಕರೆಂಟಿನ ಪೈಪಿನಿಂದ ಒಂದಿಷ್ಟು ದೂರದಲ್ಲಿ ಇನ್ನೊಂದು ಖಾಲಿ ಪೈಪ್ ಹಾಕಿಸಿ, ಒಳಗೆ ಎಳೆಯಲು ದಾರ ಬಿಡಿಸಿ. ಗೋಡೆಯೊಳಗೇ ಹೂತ ನಾಲ್ಕೆಳೆಯ ವೈರನ್ನು ಆಮೇಲೆ ಬದಲಿಸಲು ಗೋಡೆ ಒಡೆಯಬೇಕಾಗುತ್ತದೆ. ನಮ್ಮ ಓಣಿಯ ಹೊಸ ಮನೆಯೊಂದರಲ್ಲಿ ಗೃಹಪ್ರವೇಶದ ಬಣ್ಣ ಆರುವ ಮುಂಚೆಯೇ ಆ ಕೆಲಸ ನಡೆದಿದೆ.

ಇತಿ,
ಒಬ್ಬ ಓದುಗಿ, ಬೆಟಗೇರಿ
(ಹೆಸರು ಹಾಕಬೇಡಿ. ಊರು ಚಿಕ್ಕದು, ಕೇಬಲ್ ಹುಡುಗರೆಲ್ಲ ಪರಿಚಯದವರೇ.)