ಕಿವುಡ ಮಕ್ಕಳಿಗೂ ಕುರ್‌ಆನ್ ಪಾಠ ಸಿಗಲಿ: ಅಲ್ಪಸಂಖ್ಯಾತರ ಕಲ್ಯಾಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮ್ಮ ಮದರಸಾಗಳಲ್ಲಿ ಪಾಠ ಸಾಗುವುದು ಕಿವಿಯ ಮೂಲಕ. ಉಸ್ತಾದರು ಓದುತ್ತಾರೆ, ಮಕ್ಕಳು ಕೇಳಿ ಒಪ್ಪಿಸುತ್ತಾರೆ. ಕಿವುಡ ಮಗುವಿಗೆ ‘ತುಟಿ ನೋಡಿ ಕಲಿ’ ಎಂದರೆ ಆಗದು. ಅರಬಿಯ ಐನ್, ಹಾ, ಗೈನ್ ಅಕ್ಷರಗಳು ಹುಟ್ಟುವುದು ಗಂಟಲಲ್ಲಿ. ಬಾ, ಮೀಮ್ ಎರಡಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ. ಇಷ್ಟಕ್ಕೇ ಮಗು ದಡ್ಡ ಎಂದು ಮನೆಗೆ ಕಳಿಸುವುದು ಅನ್ಯಾಯ.

ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಕಿವುಡ ಮಕ್ಕಳಿಗೆಂದೇ ವಸತಿ ಮದರಸಾ ಇದೆ. ಆ ದೇಶದ ಧಾರ್ಮಿಕ ವ್ಯವಹಾರ ಸಚಿವಾಲಯ ಸನ್ನೆಗಳ ಮುಸ್ಹಫನ್ನೇ (ಅಕ್ಷರಗಳನ್ನು ಕೈಸನ್ನೆಯಲ್ಲಿ ತೋರಿಸುವ ಕುರ್‌ಆನ್ ಪ್ರತಿ) ಸಿದ್ಧಪಡಿಸಿದೆ. ಅವರಲ್ಲಿ ಎರಡು ಕ್ರಮಗಳಿವೆ: ಬರೆದಂತೆ ಸನ್ನೆ ಮಾಡುವುದು, ಓದುವಂತೆ ಸನ್ನೆ ಮಾಡುವುದು. ‘ಅಶ್ಶಮ್ಸ್’ ಪದದಲ್ಲಿ ಲಾಮ್ ಅಕ್ಷರ ಬರಹಕ್ಕುಂಟು, ಓದಿಗಿಲ್ಲ. ಹೊಸಬರಿಗೆ ಬರೆದಂತೆ ಮಾಡುವ ಕ್ರಮವೇ ಸರಿ ಎಂಬುದು ನಮ್ಮ ನಿಲುವು, ಪುಟ ಮತ್ತು ಕೈ ತಾಳೆಯಾಗುತ್ತವೆ. ಎರಡನ್ನೂ ಬೆರೆಸಿದರೆ ಮಗು ಗೊಂದಲಕ್ಕೆ ಬೀಳುತ್ತದೆ.

ಆದರೆ ಒಂದೊಂದೇ ಅಕ್ಷರವನ್ನು ಕೈಯಲ್ಲಿ ತೋರಿಸುವ ಬೆರಳಕ್ಷರವಷ್ಟೇ ಸಾಲದು. ಕುರ್‌ಆನಿನ ಒಂದು ಅಧ್ಯಾಯವಾದ ಸೂರಾ ಇಖ್ಲಾಸಿನ 4 ಆಯತ್ (ವಚನ)‌ಗಳನ್ನು ತಪ್ಪಿಲ್ಲದೆ ತೋರಿಸುವ ಮಗುವಿಗೂ ಒಂದೇ ಒಂದು ಪದದ ಅರ್ಥವೂ ತಿಳಿಯದಿರಬಹುದು. ಶಾಲೆಯಲ್ಲಿ ಕನ್ನಡ, ಉಸ್ತಾದರ ಬಾಯಲ್ಲಿ ಉರ್ದು ಅಥವಾ ಬ್ಯಾರಿ, ಪುಟದಲ್ಲಿ ಅರಬಿ. ಇವನ್ನೆಲ್ಲ ಜೋಡಿಸಬಲ್ಲದ್ದು ಭಾರತೀಯ ಸನ್ನೆ ಭಾಷೆ. ಆದ್ದರಿಂದ ಮೊದಲು ಆಯತ್‌ನ ಅರ್ಥ ಸನ್ನೆಯಲ್ಲಿ, ಆಮೇಲೆ 28 ಅಕ್ಷರಗಳು, ದಿನಕ್ಕೆ ಮೂರು ನಾಲ್ಕರಂತೆ. ಬಾ, ತಾ, ಸಾ ಚುಕ್ಕೆಯಲ್ಲಷ್ಟೇ ಬೇರೆ, ಒಂದೇ ದಿನ ಬೇಡ. ಪದದ ಮೊದಲು, ನಡುವೆ, ಕೊನೆಯಲ್ಲಿ ಅಕ್ಷರದ ಆಕಾರ ಬದಲಾಗುವುದನ್ನು ತೋರಿಸಿದ ಮೇಲೆ ಸ್ವರಚಿಹ್ನೆಗಳಾದ ಜಬರ್, ಜೇರ್, ಪೇಶ್. ಅಕ್ಷರವನ್ನು ಇಮ್ಮಡಿಸುವ ಶದ್ದ್, ಸ್ವರವನ್ನು ಎಳೆಯುವ ಮದ್ದ್ ಕೊನೆಗೆ.

ಹೆಚ್ಚಾಗಿ ಕೆಡುವುದು ಇಲ್ಲಿ: ಮುಸ್ಹಫ್ ಕೈಯಲ್ಲಿ ಹಿಡಿದ ಉಸ್ತಾದರಿಗೆ ಸನ್ನೆಗೆ ಕೈ ಬಿಡುವಿರದು, ಪುಟ ನೋಡುವ ಮಗುವಿಗೆ ಸನ್ನೆ ಕಾಣದು. ಪುಟ ಗೋಡೆಯ ಮೇಲಿರಬೇಕು. ಮಗು ನೋಡಲಿ, ತಲೆ ಎತ್ತಲಿ, ಆಗ ಸನ್ನೆ. ಮಕ್ಕಳು ಅರ್ಧವೃತ್ತದಲ್ಲಿ ಕೂರಲಿ, 8ಕ್ಕಿಂತ ಹೆಚ್ಚು ಬೇಡ. ಉಸ್ತಾದರ ಬೆನ್ನಿಗೆ ಕಿಟಕಿಯಿದ್ದರೆ ಮುಖ ಕಪ್ಪಾಗುತ್ತದೆ. ನಮಾಜಿನಲ್ಲಿ ಪರದೆಯ ಹಿಂದಿನ ಕಿವುಡ ಹೆಣ್ಣುಮಕ್ಕಳಿಗೆ ಇಮಾಮರು ಕಾಣುವುದಿಲ್ಲ, ಅದಕ್ಕೂ ದಾರಿ ಹುಡುಕಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಂ ಸನ್ನೆ ಭಾಷೆ ಬಲ್ಲ ಅಂಗವಿಕಲ ಶಿಕ್ಷಕರ ನೇಮಕವನ್ನೂ ಹೇಳುತ್ತದೆ. ಕಿವುಡ ಶಿಕ್ಷಕರನ್ನೂ ಉಲಮಾಗಳನ್ನೂ (ಧರ್ಮ ವಿದ್ವಾಂಸರು) ಒಟ್ಟಿಗೆ ಕೂರಿಸಿ ಧಾರ್ಮಿಕ ಪದಗಳ ಸನ್ನೆಗಳನ್ನು ನಿರ್ಧರಿಸಿ, ವಿಡಿಯೊ ಮಾಡಿಸಿ. ಊರಿಗೊಂದು ಸನ್ನೆ ಹುಟ್ಟಿಕೊಂಡ ಮೇಲೆ ಸರಿಪಡಿಸುವುದು ಕಷ್ಟ. ಬೆಂಗಳೂರು, ಕಲಬುರಗಿ, ಮಂಗಳೂರಿನಲ್ಲಿ ತಲಾ ಒಂದು ತರಗತಿಗೆ ಮುಂದಿನ ಬಜೆಟ್ಟಿನಲ್ಲಿ ಹಣ ಕೊಡಿ.

ಇಂತಿ,
ಕಿವುಡ ಮಕ್ಕಳ ಶಿಕ್ಷಕರು